ಸ್ಯಾಂಡ್‌ವಿಚ್ಚಿನ ರುಚಿ ಎಲ್ಲಿದೆ?

ಸ್ಯಾಂಡ್‌ವಿಚ್ ಎಂಬ ಪರದೇಶದ ತಿಂಡಿಯು ನಮ್ಮ ಬೆಳ್ಮಣ್ಣಿಗೆ ಈಗ ಹೊಸತಲ್ಲ. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿಯು ಬೇಕರಿಯ ಗಾಜಿನ ಪೆಟ್ಟಿಗೆಯತ್ತ ಕೈತೋರಿಸಿ, ತ್ರಿಕೋನವಾಗಿ ಕೊಯ್ದಿಟ್ಟ ಬ್ರೆಡ್ಡಿನ ತುಂಡನ್ನು ಕೊಂಡು ತಿನ್ನುವುದು ದಿನನಿತ್ಯದ ನೋಟವಾಗಿದೆ. ಯಾವ ಸ್ಯಾಂಡ್‌ವಿಚ್ ರುಚಿಯಾದುದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮುಂಬಯಿಯಲ್ಲಿ ದುಡಿದು ಬಂದವರಿಗೆ ಹಸಿರು ಚಟ್ನಿ ಸವರಿ, ಬೇಯಿಸಿದ ಬಟಾಟೆ, ಬೀಟ್‌ರೂಟು, ಸೌತೆಕಾಯಿಗಳ ಬಿಲ್ಲೆಗಳನ್ನಿಟ್ಟದ್ದೇ ನಿಜವಾದ ಸ್ಯಾಂಡ್‌ವಿಚ್. ಮಣಿಪಾಲದಲ್ಲಿ ಓದುವ ಮಕ್ಕಳಿಗೆ ಅದರೊಳಗಿಂದ ಚೀಸ್ ಕರಗಿ ಹರಿಯಬೇಕು. ಕೊಲ್ಲಿಯ ದೇಶಗಳಿಂದ ರಜೆಗೆ ಬಂದವರು ಕೋಳಿಮಾಂಸ ಮತ್ತು ಮೇಯನೇಸನ್ನು ಹೊಗಳುತ್ತಾರೆ. ಮನೆಯ ಹಿರಿಯರಿಗೆ ಬೆಣ್ಣೆ ಸವರಿ ಸಕ್ಕರೆ ಉದುರಿಸಿದ ಬ್ರೆಡ್ಡೇ ಸಾಕು. ಉತ್ತರಗಳು ಎಷ್ಟೇ ಬೇರೆಬೇರೆಯಾದರೂ ಅವುಗಳಲ್ಲಿ ಒಂದು ಸಮಾನಾಂಶವುಂಟು: ಎಲ್ಲರೂ ಒಳಗಿಡುವ ಪದಾರ್ಥವನ್ನೇ ಹೆಸರಿಸುತ್ತಾರೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬೇರೆ. ಹೋಳಿಗೆ ಮಾಡುವವರು ಹೊರಗಿನ ಹೊದಿಕೆಗೆ ಕಣಕವೆಂದೂ ಒಳಗಿನ ವಸ್ತುವಿಗೆ ಹೂರಣವೆಂದೂ ಹೆಸರಿಟ್ಟಿದ್ದಾರಷ್ಟೆ. ಅಚ್ಚುಕಟ್ಟಾದ ಮಾತುಗಳು, ನಾವೂ ಅವನ್ನೇ ಬಳಸುವೆವು. ಇಂತಹ ತಿಂಡಿಗಳ ಸ್ವಾರಸ್ಯವು ಹೂರಣದಲ್ಲಿರುವುದಕ್ಕಿಂತ ಹೆಚ್ಚಾಗಿ ಕಣಕವೂ ಹೂರಣವೂ ಸಂಧಿಸುವ ಗಡಿಯಲ್ಲಿದೆ. ಆ ಗಡಿಯ ಆಯುಷ್ಯವು ಬಹು ಅಲ್ಪ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಇನ್ನೂ ಅಲ್ಪ. ತುಳುನಾಡಿನ ಅಡುಗೆಯವರು ಇದನ್ನು ಅರಿತು ನಡೆದುಕೊಂಡು ಬಂದಿದ್ದಾರೆ. ಇಂದು ಪಾರ್ಸೆಲ್ ಕಟ್ಟುವ ಹೋಟೆಲುಗಳೂ ಬೆಳಗ್ಗೆಯೇ ಸ್ಯಾಂಡ್‌ವಿಚ್ ಮಾಡಿಡುವ ಬೇಕರಿಗಳೂ ಅದನ್ನು ಮರೆಯುತ್ತಿವೆ. ಇದರಿಂದ ನಾಲಗೆಗೆ ಆಗುವ ನಷ್ಟವಲ್ಲದೆ ಆರೋಗ್ಯಕ್ಕೂ ಒಂದು ಅಪಾಯವಿದೆ.

ಮೊದಲು ಹೆಸರಿನ ವಿಚಾರ. ಸ್ಯಾಂಡ್‌ವಿಚ್ ಎಂಬುದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಊರು. ಅದರ ಹೆಸರಿನಲ್ಲಿ ಅರ್ಲ್ ಪದವಿಯನ್ನು ಹೊಂದಿದ್ದ ಮನೆತನದ ನಾಲ್ಕನೆಯ ಅರ್ಲ್ ಜಾನ್ ಮಾಂಟೇಗು (1718–1792) ಜೂಜಿನ ಮೇಜನ್ನು ಬಿಟ್ಟೇಳಲಾರದೆ, ಬ್ರೆಡ್ಡಿನ ಎರಡು ತುಂಡುಗಳ ನಡುವೆ ಮಾಂಸವನ್ನಿಟ್ಟು ತರಿಸಿಕೊಂಡನೆಂಬ ಕಥೆಯನ್ನು ವಾಚಕರು ಕೇಳಿರಬಹುದು. 1765ರಲ್ಲಿ ಲಂಡನ್ನಿಗೆ ಹೋಗಿದ್ದ ಗ್ರೋಸ್ಲೆ ಎಂಬ ಫ್ರೆಂಚ್ ಪ್ರವಾಸಿಯ ಪುಸ್ತಕದಿಂದ ಅದು ಹಬ್ಬಿತು. ಆದರೆ ಮಾಂಟೇಗು ನೌಕಾಖಾತೆಯ ಹೊಣೆ ಹೊತ್ತಿದ್ದವನು. ಅವನು ತಿಂದದ್ದು ಜೂಜಿನ ಮೇಜಿನಲ್ಲಿರದೆ ಬರವಣಿಗೆಯ ಮೇಜಿನಲ್ಲಿಯೇ ಇರಬೇಕೆಂದು ಅವನ ಚರಿತ್ರೆಯನ್ನು ಬರೆದವರು ಊಹಿಸುತ್ತಾರೆ. ಚರಿತ್ರಕಾರ ಗಿಬ್ಬನ್ನನು 1762ರ ನವೆಂಬರಿನ ತನ್ನ ದಿನಚರಿಯಲ್ಲಿ ಈ ತಿಂಡಿಯ ಹೆಸರನ್ನು ಆಗಲೇ ಬಳಕೆಯಲ್ಲಿದ್ದ ಮಾತಿನಂತೆ ಬರೆದಿದ್ದಾನೆ. ಅದೇ ಅರ್ಲನ ಗೌರವಾರ್ಥವಾಗಿ ಕ್ಯಾಪ್ಟನ್ ಕುಕ್ಕನು 1778ರಲ್ಲಿ ಹವಾಯಿ ದ್ವೀಪಗಳಿಗೂ ಸ್ಯಾಂಡ್‌ವಿಚ್ ದ್ವೀಪಗಳೆಂದು ಹೆಸರಿಟ್ಟನು. ದ್ವೀಪಗಳು ಆ ಹೆಸರನ್ನು ಕಳಚಿಕೊಂಡವು, ತಿಂಡಿಯು ಉಳಿಸಿಕೊಂಡಿತು.

ಯಾವುದು ಸ್ಯಾಂಡ್‌ವಿಚ್, ಯಾವುದು ಅಲ್ಲ ಎಂಬುದು ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಒಂದು ಅಂಗಡಿ ಸಂಕೀರ್ಣದೊಳಗೆ ಮತ್ತೊಂದು ಸ್ಯಾಂಡ್‌ವಿಚ್ ಅಂಗಡಿ ಬರಕೂಡದೆಂಬ ಕರಾರಿತ್ತು. ಹಾಗಾದರೆ ಮೆಕ್ಸಿಕೋ ದೇಶದ ಬ್ಯುರಿಟೋ, ಅಂದರೆ ಒಂದೇ ರೊಟ್ಟಿಯಲ್ಲಿ ಸುತ್ತಿದ ಹೂರಣ, ಸ್ಯಾಂಡ್‌ವಿಚ್ ಹೌದೋ ಅಲ್ಲವೋ ಎಂದು ವಾದ ಹುಟ್ಟಿತು. 2006ರಲ್ಲಿ ನ್ಯಾಯಾಧೀಶರು, ಸ್ಯಾಂಡ್‌ವಿಚ್ಚಿಗೆ ಬ್ರೆಡ್ಡಿನ ಎರಡು ತುಂಡುಗಳು ಬೇಕು, ಬ್ಯುರಿಟೋಗೆ ಆ ಯೋಗ್ಯತೆಯಿಲ್ಲವೆಂದು ತೀರ್ಪಿತ್ತರು. ಆ ತೀರ್ಪಿನಂತೆ ನಮ್ಮ ಮಸಾಲೆ ದೋಸೆಯೂ ಸ್ಯಾಂಡ್‌ವಿಚ್ ಆಗಲಾರದು. ಆದರೆ ನಾಲಗೆಯು ಕರಾರುಪತ್ರವನ್ನು ಓದುವುದಿಲ್ಲ. ಸಪ್ಪೆಯೂ ಒಣಗಿದ್ದೂ ಆದ ಹಿಟ್ಟಿನ ಹೊದಿಕೆಯೊಳಗೆ ಮೃದುವೂ ತೀಕ್ಷ್ಣವೂ ಆದ ಹೂರಣವನ್ನಿಟ್ಟು, ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನುವುದೇ ಸ್ಯಾಂಡ್‌ವಿಚ್ಚಿನ ಲಕ್ಷಣವೆಂದಾದರೆ, ಉಡುಪಿಯ ಸೀಮೆಯವರು ಲೋಕಕ್ಕೆ ಕೊಟ್ಟ ಸ್ಯಾಂಡ್‌ವಿಚ್ ಮಸಾಲೆ ದೋಸೆಯೇ ಸರಿ. ಅದರ ಅಂಗರಚನೆಯನ್ನು ನೋಡಿದರೆ ಬ್ರೆಡ್ಡಿನ ಸ್ಯಾಂಡ್‌ವಿಚ್ಚಿನ ಗುಣದೋಷಗಳೂ ತಿಳಿಯುತ್ತವೆ.

ದೋಸೆಯು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಧೋಸಕವೆಂಬ ಹೆಸರಿನಿಂದ ಅದು ಬರುತ್ತದೆ. ಅದರ ಹೂರಣವು ಅಷ್ಟು ಹಳೆಯದಲ್ಲ. ಬಟಾಟೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡಗಳ ನೆಲದವು. ಪೋರ್ಚುಗೀಸರ ಹಡಗುಗಳ ದಾರಿಯಿಂದ ಬಂದವು. ಕರಾವಳಿಯವರು ಆಲೂಗಡ್ಡೆಯನ್ನು ಇಂದಿಗೂ ಬಟಾಟೆಯೆನ್ನುವುದು, ಬ್ರೆಡ್ಡಿನ ಒಂದು ಬಗೆಯನ್ನು ಪಾವ್ ಎನ್ನುವುದು ಆ ಭಾಷೆಯ ಸಾಲವೇ. ಇವೆಲ್ಲವನ್ನೂ ಕೂಡಿಸಿ ಊರೂರಿಗೆ ಒಯ್ದವರು ನಮ್ಮ ಸೀಮೆಯ ಹೋಟೆಲಿಗರು. ಪಾರಂಪಳ್ಳಿಯ ಮಯ್ಯರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಉಪಾಹಾರಗೃಹವು ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನವು ಹುಟ್ಟಿತು. ಕಾರ್ಕಳಕ್ಕೆ ದೂರವಲ್ಲದ ಕಡಂದಲೆಯಿಂದ ಹೊರಟ ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಸ್ಥಾಪಿಸಿದರು.

ಈಗ ಕಣಕದ ವಿಚಾರಕ್ಕೆ ಬರೋಣ. ಅಕ್ಕಿಯನ್ನೂ ಉದ್ದನ್ನೂ ರುಬ್ಬಿ ರಾತ್ರಿಯಿಡೀ ಇಟ್ಟಾಗ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ವಾಯುವನ್ನೂ ಬಿಡುತ್ತವೆ. ಇಡ್ಲಿಯ ಹಿಟ್ಟು ಉಬ್ಬುವುದರಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯದ ಪಾತ್ರವು ಮುಖ್ಯವೆಂಬುದನ್ನು 1965ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ದೋಸೆಯ ಹಿಟ್ಟಿನ ಸಂಗತಿಯೂ ಅದೇ ಜಾತಿಯದು. ಉದ್ದಿನ ಅಂಟು ವಾಯುವಿನ ಗುಳ್ಳೆಗಳನ್ನು ಹಿಡಿದಿಡುತ್ತದೆ. ಹೀಗೆ ಹುಳಿ ಬಂದ ಹಿಟ್ಟನ್ನು ಕಾದ ಕಾವಲಿಯ ಮೇಲೆ ತೆಳ್ಳಗೆ ಹರಡಿದೊಡನೆ ಅದರ ಕೆಳಮುಖವು ನೀರನ್ನೆಲ್ಲ ಬಿಟ್ಟುಕೊಡುತ್ತದೆ. ನೀರಿರುವವರೆಗೆ ಅದರ ಉಷ್ಣತೆಯು 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದು. ನೀರು ಹೋದ ಮೇಲೆ ಅದು ಏರುವುದು, ಆಗ ಸಸಾರಜನಕದ ಘಟಕಗಳಾದ ಅಮೈನೋ ಆಮ್ಲಗಳೂ ಸಕ್ಕರೆಗಳೂ ಒಂದರೊಡನೊಂದು ವರ್ತಿಸಿ ಹೊಂಬಣ್ಣವನ್ನೂ ನೂರಾರು ಬಗೆಯ ಪರಿಮಳ ವಸ್ತುಗಳನ್ನೂ ಹುಟ್ಟಿಸುವುವು. 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿಯು ಇದನ್ನು ವಿವರಿಸಿದುದರಿಂದ ಇದಕ್ಕೆ ಮೈಯಾರ್ ಕ್ರಿಯೆ ಎಂದು ಹೆಸರು. ಬ್ರೆಡ್ಡಿನ ಕಂದು ಸಿಪ್ಪೆ, ಸುಟ್ಟ ಟೋಸ್ಟು, ಹುರಿದ ಕಾಫಿ, ಎಲ್ಲದರ ಸೊಗಸಿಗೂ ಇದೇ ಕಾರಣ. ಹಿಟ್ಟಿಗೆ ಚಿಟಿಕೆ ಸಕ್ಕರೆ ಹಾಕುವ ಅಡುಗೆಭಟ್ಟರು ಮೈಯಾರನ ಹೆಸರು ಕೇಳಿರದಿದ್ದರೂ ಅವನ ಕ್ರಿಯೆಯನ್ನೇ ನಡೆಸುತ್ತಾರೆ.

ವಾಚಕರು ಗಮನಿಸಬೇಕಾದ ವಿಷಯವೊಂದು ಇಲ್ಲಿದೆ. ಮಸಾಲೆ ದೋಸೆಯನ್ನು ಮಗುಚುವುದಿಲ್ಲ. ಕಾವಲಿಗೆ ತಾಗಿದ ಮುಖವು ಗರಿಗರಿಯಾಗುತ್ತದೆ. ಮೇಲ್ಮುಖವು ತನ್ನದೇ ಆವಿಯಲ್ಲಿ ಬೆಂದು ಮೆತ್ತಗೆ ಉಳಿಯುತ್ತದೆ. ಅಂದರೆ ಕಾಗದದಷ್ಟು ತೆಳ್ಳಗಿನ ದೋಸೆಯೊಳಗೇ ಎರಡು ಪದರಗಳುಂಟು. ಪಲ್ಯವನ್ನಿಡುವುದು ಈ ಮೆತ್ತನೆಯ ಮುಖದ ಮೇಲೆ. ಅದು ಪಲ್ಯದ ತೇವವನ್ನು ತಾನು ಕುಡಿದು, ಹೊರಗಿನ ಗರಿಗರಿ ಪದರವನ್ನು ಕೆಲವು ನಿಮಿಷಗಳ ಕಾಲ ಕಾಪಾಡುತ್ತದೆ. ಪಲ್ಯವೂ ಗಟ್ಟಿಯಾದುದು, ಬಟಾಟೆಯ ಪಿಷ್ಟವು ನೀರನ್ನು ಹಿಡಿದಿಟ್ಟು ಸುರಿಯಗೊಡುವುದಿಲ್ಲ. ನೀರಾದ ಚಟ್ನಿಯನ್ನೂ ಸಾಂಬಾರನ್ನೂ ಉಡುಪಿಯ ಪದ್ಧತಿಯಲ್ಲಿ ಹೊರಗೆ, ಪಕ್ಕದಲ್ಲಿ ಬಡಿಸುತ್ತಾರೆ. ಅವು ದೋಸೆಯನ್ನು ತಾಗುವುದು ತಿನ್ನುವವನು ಮುರಿದು ಅದ್ದಿದಾಗ ಮಾತ್ರ, ಬಾಯಿಗೆ ಹೋಗುವ ಒಂದೆರಡು ಕ್ಷಣ ಮೊದಲು. ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಗರಿಗರಿಯೆಂದರೇನು? ಒಣಗಿದ ಪಿಷ್ಟ ಮತ್ತು ಸಸಾರಜನಕಗಳು ಗಾಜಿನಂತಹ ಸ್ಥಿತಿಯಲ್ಲಿರುತ್ತವೆ; ಒತ್ತಿದರೆ ಬಾಗದೆ ಫಕ್ಕನೆ ಮುರಿಯುತ್ತವೆ. ಅವುಗಳ ನಡುವೆ ನೀರಿನ ಅಣುಗಳು ನುಸುಳಿದರೆ ಗಾಜು ರಬ್ಬರಿನಂತಾಗುತ್ತದೆ. ಆಹಾರದಲ್ಲಿರುವ ನೀರು ಎಷ್ಟು ಸ್ವತಂತ್ರವಾಗಿದೆ ಎಂಬುದನ್ನು ಅಳೆಯುವ ಒಂದು ಮಾನವುಂಟು. ಶುದ್ಧ ನೀರಿಗೆ ಅದು 1, ಬ್ರೆಡ್ಡಿನ ತಿರುಳಿಗೆ ಸುಮಾರು 0.95. ಬಿಸ್ಕತ್ತು, ಹಪ್ಪಳಗಳಂತಹ ತಿಂಡಿಗಳಲ್ಲಿ ಅದು ಸುಮಾರು 0.4ರಿಂದ 0.5ನ್ನು ದಾಟಿತೆಂದರೆ ಗರಿಗರಿತನವು ಮಾಯವಾಗುತ್ತದೆ. ಇದರ ಮೇಲಿಂದ ನಮ್ಮ ಊರಿನ ಕಷ್ಟವನ್ನು ಊಹಿಸಬಹುದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಆಷಾಢ, ಶ್ರಾವಣಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಯು ದಿನಗಟ್ಟಲೆ ನೂರಕ್ಕೆ 85–90ರ ಮೇಲೆಯೇ ಇರುತ್ತದೆ. ಅಂತಹ ಗಾಳಿಗೆ ತೆರೆದಿಟ್ಟ ಹಪ್ಪಳವು ಕೊನೆಗೆ 0.85ರ ಮಟ್ಟಕ್ಕೇ ಹೋಗಿ ನಿಲ್ಲಬೇಕು. ಡಬ್ಬಿಯ ಬಾಯನ್ನು ಮುಚ್ಚಲು ಮರೆತ ಮಕ್ಕಳಿಗೆ ಮಳೆಗಾಲದಲ್ಲಿ ಬೈಗುಳ ಬೀಳುವುದು ಭೌತಶಾಸ್ತ್ರದ ನಿಯಮಕ್ಕೆ ಅನುಸಾರವಾಗಿಯೇ ಇದೆ!

ಗರಿಗರಿತನದಲ್ಲಿ ಕಿವಿಯ ಪಾಲೂ ಉಂಟು. 2004ರಲ್ಲಿ ಜಾಂಪಿನಿ ಮತ್ತು ಆಕ್ಸ್‌ಫರ್ಡಿನ ಸ್ಪೆನ್ಸ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಆಲೂಗಡ್ಡೆಯ ಚಿಪ್ಸನ್ನು ಕಡಿಯುವವರ ಕಿವಿಗೆ ಅವರದೇ ಕಡಿತದ ಸದ್ದನ್ನು ಯಂತ್ರದ ಮೂಲಕ ಏರಿಸಿ ಇಳಿಸಿ ಕೇಳಿಸಿದರು. ಸದ್ದನ್ನು, ಅದರಲ್ಲಿಯೂ ಅದರ ತಾರಸ್ವರದ ಭಾಗವನ್ನು ಏರಿಸಿದಾಗ ತಿನ್ನುವವರಿಗೆ ಅದೇ ಚಿಪ್ಸು ಹೆಚ್ಚು ತಾಜಾ, ಹೆಚ್ಚು ಗರಿಗರಿ ಎನಿಸಿತು. ನಗೆಯನ್ನೂ ಚಿಂತನೆಯನ್ನೂ ಹುಟ್ಟಿಸುವ ಸಂಶೋಧನೆಗೆಂದು ಕೊಡುವ ಇಗ್ ನೊಬೆಲ್ ಬಹುಮಾನವು 2008ರಲ್ಲಿ ಇವರಿಗೆ ಸಂದಿತು. ನಗು ಹಾಗಿರಲಿ. ಹೈಡ್ ಮತ್ತು ವಿದರ್ಲಿ ಎಂಬ ಇನ್ನಿಬ್ಬರು 1993ರಲ್ಲಿ ಮುಂದಿಟ್ಟ ವಾದವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು: ಬಾಯಲ್ಲಿ ಅಗಿಯುವಷ್ಟು ಹೊತ್ತಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಆಹಾರವು, ಗಟ್ಟಿಯಿಂದ ಮೆತ್ತಗಾಗುವ, ಬಿಸಿಯಿಂದ ತಣ್ಣಗಾಗುವ ಆಹಾರವು, ನಮಗೆ ವಿಶೇಷವಾಗಿ ಇಷ್ಟವಾಗುತ್ತದೆ ಎಂದು ಅವರು ಹೇಳಿದರು. ಈ ಬದಲಾವಣೆಯು ತಟ್ಟೆಯಲ್ಲೇ ನಡೆದುಹೋದರೆ ಬಾಯಿಗೆ ಉಳಿಯುವುದೇನು? ಅಂಗಡಿಯ ಪೆಟ್ಟಿಗೆಯಲ್ಲಿ ಮೂರು ಗಂಟೆ ಕುಳಿತ ಸ್ಯಾಂಡ್‌ವಿಚ್ಚಿನ ಸಂಗತಿಯು ಇದೇ.

ತುಳುನಾಡಿನ ಇತರ ತಿಂಡಿಗಳನ್ನು ಈ ಕಣ್ಣಿನಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಕೋರಿ ರೊಟ್ಟಿಯನ್ನೇ ತೆಗೆದುಕೊಳ್ಳಿರಿ. ಅಕ್ಕಿಯ ರೊಟ್ಟಿಯು ಹಪ್ಪಳದಂತೆ ಒಣಗಿ ಕಟ್ಟುಗಟ್ಟಲೆ ಮಾರಾಟವಾಗುತ್ತದೆ. ಕೋಳಿಯ ಸಾರು ಬೇರೆ ಪಾತ್ರೆಯಲ್ಲಿರುತ್ತದೆ. ರೊಟ್ಟಿಯನ್ನು ತಟ್ಟೆಯಲ್ಲಿ ಪುಡಿಮಾಡಿ, ಊಟಕ್ಕೆ ಕುಳಿತ ಮೇಲೆಯೇ ಸಾರನ್ನು ಸುರಿಯುವುದು. ಮೊದಲ ತುತ್ತು ಗರಿಗರಿ, ಕೊನೆಯ ತುತ್ತು ಮೆತ್ತಗೆ. ನಡುವಿನ ತುತ್ತುಗಳೇ ಅತ್ಯುತ್ತಮವೆಂದು ಬಲ್ಲವರು ಹೇಳುತ್ತಾರೆ. ಬೆಳಗಿನ ಹೊತ್ತಿನ ಸಜ್ಜಿಗೆ-ಬಜಿಲೂ ಹಾಗೆಯೇ. ಮೆತ್ತನೆಯ ಉಪ್ಪಿಟ್ಟನ್ನೂ ಒಗ್ಗರಣೆಯ ಅವಲಕ್ಕಿಯನ್ನೂ ಬೇರೆಬೇರೆಯಾಗಿ ಮಾಡಿಟ್ಟು, ತಟ್ಟೆಯಲ್ಲಿ ಮಾತ್ರ ಕೂಡಿಸುತ್ತಾರೆ. ಬಿಸ್ಕುಟ್ ರೊಟ್ಟಿಯು ಇದಕ್ಕೆ ವಿರುದ್ಧವಾದ ಉಪಾಯ. ಅದರಲ್ಲಿ ಕಣಕ ಹೂರಣಗಳು ಮೊದಲೇ ಕೂಡಿರುತ್ತವೆ; ಆದರೆ ಹೂರಣವು ಹುರಿದು ಒಣಗಿಸಿದ ಖಾರದ ಪುಡಿಯಂತಹುದು, ಕಣಕದಷ್ಟೇ ಒಣಗಿದ್ದು. ಎರಡೂ ಒಣಗಿದ್ದರೆ ಒಂದರಿಂದ ಮತ್ತೊಂದಕ್ಕೆ ನೀರು ಹರಿಯುವ ಪ್ರಶ್ನೆಯೇ ಇಲ್ಲ. ಇನ್ನು ಆಟಿ ತಿಂಗಳಿನ ಪತ್ರೊಡೆ. ಕೆಸುವಿನ ಎಲೆಯ ಮೇಲೆ ಹುಳಿಖಾರದ ಅಕ್ಕಿಹಿಟ್ಟು, ಅದರ ಮೇಲೆ ಮತ್ತೆ ಎಲೆ, ಮತ್ತೆ ಹಿಟ್ಟು. ಸುತ್ತಿ, ಆವಿಯಲ್ಲಿ ಬೇಯಿಸಿ, ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಹುಣಿಸೆಯ ಹುಳಿಯೂ ಬೇಯುವಿಕೆಯೂ ಎಲೆಯ ತುರಿಕೆಯನ್ನು ಅಡಗಿಸುತ್ತವೆ. ಇಲ್ಲಿ ಎರಡೂ ಪದರಗಳು ಒದ್ದೆಯವೇ, ಆದುದರಿಂದ ಮರುದಿನಕ್ಕೂ ಕೆಡುವ ಗರಿಗರಿತನವೇ ಇಲ್ಲ. ಅದು ಬೇಕೆನಿಸಿದರೆ ತಿನ್ನುವ ಹೊತ್ತಿಗೆ ಬಿಲ್ಲೆಯನ್ನು ಕಾವಲಿಯ ಮೇಲೆ ಎಣ್ಣೆಯಲ್ಲಿ ಕಾಯಿಸಿಕೊಳ್ಳುತ್ತಾರೆ.

ಅಂದರೆ ಒಣಗಿದ್ದನ್ನು ಒಣಗಿದ್ದರೊಡನೆ ಕೂಡಿಸು, ಒದ್ದೆಯದನ್ನು ಒದ್ದೆಯದರೊಡನೆ ಕೂಡಿಸು, ಒಣಗಿದ್ದನ್ನೂ ಒದ್ದೆಯದನ್ನೂ ಕೂಡಿಸಲೇಬೇಕಾದರೆ ಆದಷ್ಟು ತಡವಾಗಿ ಕೂಡಿಸು ಎಂಬುದು ಈ ಮಳೆನಾಡಿನ ಅಡುಗೆಯ ನಡವಳಿಕೆ. ಯಾರೂ ಇದನ್ನು ಶಾಸ್ತ್ರವಾಗಿ ಬರೆದಿಟ್ಟಂತೆ ಕಾಣೆವು. ಮುಂಬಯಿಯ ರಸ್ತೆಬದಿಯ ಸ್ಯಾಂಡ್‌ವಿಚ್‌ನವನು ಕೂಡ ಇದನ್ನೇ ಅನುಸರಿಸುತ್ತಾನೆ. ಅವನು ಬ್ರೆಡ್ಡನ್ನು ಬೇರೆ, ತರಕಾರಿಯ ಬಿಲ್ಲೆಗಳನ್ನು ಬೇರೆ ಇಟ್ಟುಕೊಂಡಿರುತ್ತಾನೆ. ಗಿರಾಕಿಯು ಬಂದ ಮೇಲೆ ಅವನ ಕಣ್ಣೆದುರಿಗೇ ಬ್ರೆಡ್ಡಿಗೆ ಮೊದಲು ಬೆಣ್ಣೆಯನ್ನು ಅಂಚಿನವರೆಗೂ ಬಳಿದು, ಬಳಿಕ ಚಟ್ನಿ ಸವರಿ, ಬಿಲ್ಲೆಗಳನ್ನು ಜೋಡಿಸಿ ಕೊಡುತ್ತಾನೆ. ಬೆಣ್ಣೆಯನ್ನು ರುಚಿಗಾಗಿಯೆಂದು ನಾವು ತಿಳಿದಿರುತ್ತೇವೆ; ಅದಕ್ಕಿಂತ ಹಿರಿದಾದ ಕೆಲಸ ಅದಕ್ಕಿದೆ. ಜಿಡ್ಡಿನ ತೆಳುವಾದ ಪದರವು ನೀರನ್ನು ತಡೆಯುತ್ತದೆ. ಸೌತೆ, ಟೊಮೆಟೊಗಳಲ್ಲಿ ನೂರಕ್ಕೆ 95ರಷ್ಟು ನೀರೇ. ಅವುಗಳ ಮೇಲೆ ಉಪ್ಪು ಬಿದ್ದೊಡನೆ ಆ ನೀರು ಹೊರಕ್ಕೆ ಜಿನುಗತೊಡಗುತ್ತದೆ. ಬೆಣ್ಣೆಯಿಲ್ಲದ ಬ್ರೆಡ್ಡು ಅದನ್ನೆಲ್ಲ ಹೀರಿ ಗಂಜಿಯಂತಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ನಮ್ಮ ಬೇಕರಿಗಳ ಮಾಲಿಕರು ಒಂದು ಪ್ರಶ್ನೆಯನ್ನು ಕೇಳಬಹುದು: ಬಸ್ಸು ಹೊರಡುವ ಆತುರದಲ್ಲಿರುವ ಗಿರಾಕಿಗೆ ಮುಂಚಿತವಾಗಿ ಮಾಡಿಡದೆ ಉಪಾಯವೇನು? ಅವರ ಕಷ್ಟವು ನಿಜ. ಆದರೆ ಮುಂಚಿತವಾಗಿ ಮಾಡಿಟ್ಟವರು ಎರಡು ಅಲಗಿನ ಕತ್ತಿಯ ಮೇಲೆ ನಡೆಯುತ್ತಾರೆ. ಮೊಟ್ಟೆ, ಮಾಂಸ, ಮೇಯನೇಸುಗಳ ಹೂರಣವನ್ನು ನಮ್ಮ ಸೆಕೆಯಲ್ಲಿ ಹೊರಗಿಟ್ಟರೆ ರೋಗಾಣುಗಳು ವೃದ್ಧಿಯಾಗುತ್ತವೆ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು, ಕೆಡುವಂತಹ ಆಹಾರವನ್ನು 5 ಡಿಗ್ರಿಯ ಕೆಳಗಿನ ತಂಪಿನಲ್ಲಿ ಇಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸರಿಯೆಂದು ಫ್ರಿಜ್ಜಿನಲ್ಲಿಟ್ಟರೆ ಬ್ರೆಡ್ಡು ಹಾಳಾಗುತ್ತದೆ. ಬ್ರೆಡ್ಡು ಹಳಸಿ ಗಡುಸಾಗುವುದು ಒಣಗುವುದರಿಂದಲೇ ಎಂಬ ನಂಬಿಕೆಯನ್ನು ಫ್ರಾನ್ಸಿನ ಬೂಸಾಂಗೋ 1852ರಲ್ಲಿಯೇ ಅಲ್ಲಗಳೆದನು. ನೀರು ಹೋಗದಂತೆ ಮುಚ್ಚಿಟ್ಟರೂ ಬ್ರೆಡ್ಡು ಗಡುಸಾಯಿತು. ಬೆಂದಾಗ ಸಡಿಲಗೊಂಡ ಪಿಷ್ಟದ ಅಣುಗಳು ತಣಿದ ಮೇಲೆ ಮತ್ತೆ ಸಾಲುಗೂಡಿ ಹರಳುಗಟ್ಟುವುದೇ ಇದಕ್ಕೆ ಮುಖ್ಯ ಕಾರಣವೆಂದು ಈಗ ತಿಳಿದಿದೆ. ಈ ಕ್ರಿಯೆಯು ಅತಿ ವೇಗವಾಗಿ ನಡೆಯುವುದು ಫ್ರಿಜ್ಜಿನೊಳಗಿನ ತಂಪಿನಲ್ಲಿಯೇ! ಅಲ್ಲದೆ ತಣ್ಣಗಿನ ಆಹಾರದಿಂದ ಪರಿಮಳದ ಅಣುಗಳು ಹೆಚ್ಚಾಗಿ ಹಾರುವುದಿಲ್ಲ. ನಾವು ರುಚಿಯೆನ್ನುವುದರ ಬಹುಭಾಗವು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ಪರಿಮಳವೇ ಆಗಿದೆ. ಹೀಗೆ ಹೊರಗಿಟ್ಟರೆ ಹೊಟ್ಟೆಗೆ ಕೇಡು, ಒಳಗಿಟ್ಟರೆ ರುಚಿಗೆ ಕೇಡು.

ರುಚಿಯು ಹೋದ ಮೇಲೆ ಅದನ್ನು ತುಂಬಿಕೊಡಲು ಮಾಡುವ ಉಪಾಯವೇ ನಮಗೆ ಹೆಚ್ಚು ಆಕ್ಷೇಪಣೀಯವಾಗಿ ತೋರುತ್ತದೆ. ಗಡಿಯು ಸತ್ತಿರುವಾಗ ಹೂರಣವು ಕೂಗಿ ಮಾತನಾಡಬೇಕಾಗುತ್ತದೆ. ಆದುದರಿಂದ ಚೀಸು ಎರಡು ಪಟ್ಟಾಗುತ್ತದೆ, ಮೇಯನೇಸು ಮೂರು ಪಟ್ಟಾಗುತ್ತದೆ, ಅದರ ಮೇಲೊಂದು ಸಿಹಿ ಸಾಸು. ಇವುಗಳಲ್ಲಿ ಉಪ್ಪೂ ಜಿಡ್ಡೂ ಧಾರಾಳ. ವಯಸ್ಕನೊಬ್ಬನು ದಿನಕ್ಕೆ ತಿನ್ನುವ ಉಪ್ಪು 5 ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತಿರುವಾಗ, ಬ್ರೆಡ್ಡಿನಲ್ಲಿ ಒಮ್ಮೆ, ಚೀಸಿನಲ್ಲಿ ಒಮ್ಮೆ, ಸಾಸಿನಲ್ಲಿ ಒಮ್ಮೆ ಅದನ್ನು ತಿನ್ನುವ ಶಾಲೆಯ ಹುಡುಗನಿಗೆ ಉಪ್ಪು ತಿಂದೆನೆಂಬ ಅರಿವೇ ಇರುವುದಿಲ್ಲ. ಹಸಿ ಮೊಟ್ಟೆಯ ಮೇಯನೇಸನ್ನು ತೆಲಂಗಾಣ ಸರಕಾರವು 2024ರ ಅಕ್ಟೋಬರಿನಲ್ಲಿಯೂ ತಮಿಳುನಾಡು ಸರಕಾರವು 2025ರ ಏಪ್ರಿಲಿನಲ್ಲಿಯೂ ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದುದು ವಾಚಕರಿಗೆ ನೆನಪಿರಬಹುದು. ಹೂರಣಗಳ ಸಂಖ್ಯೆಯನ್ನು ಹೆಚ್ಚಿಸುವುದರಲ್ಲಿಯೂ ಒಂದು ಗುಟ್ಟಿದೆ. 1981ರಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಕೆಲವರಿಗೆ ಒಂದೇ ಬಗೆಯ ಹೂರಣದ ಸ್ಯಾಂಡ್‌ವಿಚ್ಚುಗಳನ್ನೂ, ಮತ್ತೊಮ್ಮೆ ನಾಲ್ಕು ಬಗೆಯ ಹೂರಣದವನ್ನೂ ತಿನ್ನಲು ಕೊಟ್ಟರು. ನಾಲ್ಕು ಬಗೆಯಿದ್ದಾಗ ಜನರು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿಗೆ ತಿಂದರು. ನಾಲಗೆಯು ಒಂದೇ ರುಚಿಗೆ ಬೇಗ ಬೇಸರಪಡುತ್ತದೆ. ರುಚಿ ಬದಲಾದರೆ ಹೊಟ್ಟೆ ತುಂಬಿದ್ದರೂ ಕೈ ಮುಂದೆ ಹೋಗುತ್ತದೆ. ವ್ಯಾಪಾರಿಗೆ ಇದರಿಂದ ಲಾಭ. ತಿನ್ನುವವನಿಗೆ ಲಾಭವೆಂದು ಹೇಳಲಾರೆವು.

ಹೋಟೆಲಿನ ಮಸಾಲೆ ದೋಸೆಗೂ ಇದೇ ಗತಿ ಬರುತ್ತಿದೆ. ಮೊಬೈಲಿನಲ್ಲಿ ಆದೇಶ ಕೊಟ್ಟು ತರಿಸಿದ ದೋಸೆಯು ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಪಲ್ಯದಿಂದೇಳುವ ಆವಿಯು ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಗಟ್ಟಿ ಮತ್ತೆ ದೋಸೆಯ ಮೇಲೆಯೇ ಬೀಳುತ್ತದೆ. ಡಬ್ಬಿಯೊಳಗೆ ಆಟಿ ತಿಂಗಳಿಗಿಂತಲೂ ತೇವವಾದ ಮಳೆಗಾಲವೊಂದು ಸೃಷ್ಟಿಯಾಗುತ್ತದೆ. ಕಾಲು ಗಂಟೆಯಲ್ಲಿ ದೋಸೆಯು ಚರ್ಮದಂತಾಗಿರುತ್ತದೆ. ಹಾಗೆ ತಿಂದು ಬೆಳೆದ ಹುಡುಗನು ದೋಸೆಯೆಂದರೆ ಇದೇ ಎಂದುಕೊಂಡು, ಅದಕ್ಕೂ ಚೀಸು ಹಾಕಿಸುತ್ತಾನೆ. ಅವನನ್ನು ದೂರುವಂತಿಲ್ಲ, ಅವನಿಗೆ ನಿಜವಾದ ದೋಸೆಯು ಸಿಕ್ಕಿಯೇ ಇಲ್ಲ. ಬೆಳಗ್ಗೆ ಆರಕ್ಕೆ ಕಟ್ಟಿದ ಬುತ್ತಿಯ ದೋಸೆಯನ್ನೋ ಬ್ರೆಡ್ಡನ್ನೋ ಮಗುವು ಮಧ್ಯಾಹ್ನ ಹಾಗೆಯೇ ಹಿಂದಕ್ಕೆ ತಂದಾಗ ತಾಯಂದಿರು ಹಟಮಾರಿತನವೆಂದು ಗದರುತ್ತಾರೆ. ಮಗುವಿನ ನಾಲಗೆಯೇ ಇಲ್ಲಿ ಸರಿಯಾದ ತೀರ್ಪನ್ನು ಕೊಟ್ಟಿದೆ ಎಂಬುದು ನಮ್ಮ ಮತ. ಆದರೆ ಆ ಮಗುವು ಸಂಜೆಯವರೆಗೆ ಹಸಿದಿರುತ್ತದೆ, ಇಲ್ಲವೆ ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತದೆ.

ಇದಕ್ಕೆ ಪರಿಹಾರವು ಕಷ್ಟವೇನೂ ಅಲ್ಲ. ಬುತ್ತಿಗೆ ಬ್ರೆಡ್ಡನ್ನೇ ಕಟ್ಟುವುದಾದರೆ ಎರಡು ತುಂಡುಗಳಿಗೂ ಬೆಣ್ಣೆಯನ್ನೋ ತುಪ್ಪವನ್ನೋ ಅಂಚಿನವರೆಗೆ ಸವರಬೇಕು. ಒಳಗೆ ನೀರು ಚಟ್ನಿಯ ಬದಲು ಚಟ್ನಿಪುಡಿಯನ್ನಿಡಬೇಕು. ಸೌತೆಯ ಬಿಲ್ಲೆಗಳನ್ನು ಉಪ್ಪಿಲ್ಲದೆ ಬೇರೆ ಡಬ್ಬಿಯಲ್ಲಿ ಹಾಕಿಕೊಟ್ಟರೆ ಮಗುವು ತಾನೇ ಒಳಗಿಟ್ಟುಕೊಳ್ಳುತ್ತದೆ. ಮಕ್ಕಳಿಗೆ ಇದೊಂದು ಆಟವೂ ಆಗುವುದು. ಕಾವಲಿಯ ಮೇಲೆ ಕಾಯಿಸಿದ್ದಾದರೆ ಐದು ನಿಮಿಷ ತಂತಿಯ ಜಾಲರಿಯ ಮೇಲೋ ಮೊರದ ಮೇಲೋ ಇಟ್ಟು, ಆವಿಯು ಹೋದ ಮೇಲೆ ಮುಚ್ಚಳ ಹಾಕಬೇಕು. ಮಳೆಗಾಲದ ಬುತ್ತಿಗೆ ಪತ್ರೊಡೆಯ ಬಿಲ್ಲೆಗಳೂ ಬಾಳೆಹಣ್ಣಿನ ಬನ್ಸೂ ಮೂಡೆಯೂ ಹೇಳಿಮಾಡಿಸಿದಂತಹವು. ಅವಕ್ಕೆ ತೇವದ ಭಯವಿಲ್ಲ. ಆರು ಗಂಟೆ ತಡೆಯಲಾರದ ದೋಸೆಯನ್ನು ಬುತ್ತಿಗೆ ತುರುಕುವ ಬದಲು ಅದನ್ನು ಭಾನುವಾರದ ಬೆಳಗಿಗೆ ಮೀಸಲಿಡಬಹುದು.

ಹೋಟೆಲುಗಳವರು ಪಾರ್ಸೆಲಿನಲ್ಲಿ ದೋಸೆಯನ್ನೂ ಪಲ್ಯವನ್ನೂ ಬೇರೆಬೇರೆ ಕಟ್ಟಲಿ. ದೋಸೆಗೆ ಆವಿ ಹೋಗುವ ತೂತುಗಳಿರುವ ರಟ್ಟಿನ ಪೆಟ್ಟಿಗೆ, ಒಳಗೆ ಬಾಡಿಸಿದ ಬಾಳೆಲೆ. ಇಷ್ಟಾದರೆ ಮನೆಯಲ್ಲಿ ಕಾವಲಿಯ ಮೇಲೆ ಅರ್ಧ ನಿಮಿಷ ಇಟ್ಟು ಅದನ್ನು ಬದುಕಿಸಿಕೊಳ್ಳಬಹುದು. ಹಿಂದಿನಂತೆ ವೃತ್ತಪತ್ರಿಕೆಯ ಕಾಗದದಲ್ಲಿ ಕಟ್ಟುವುದನ್ನು ನಾವು ಬೆಂಬಲಿಸೆವು; ಅದು ತೇವವನ್ನು ಹೀರುತ್ತಿದ್ದುದು ನಿಜವಾದರೂ ಮಸಿಯು ಆಹಾರಕ್ಕೆ ತಾಗುತ್ತದೆ, ಕಾನೂನೂ ಅದನ್ನು ಒಪ್ಪುವುದಿಲ್ಲ. ಬೇಕರಿಯವರಾದರೋ ಹೂರಣವನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು, ಬ್ರೆಡ್ಡನ್ನು ಹೊರಗೆ ಮುಚ್ಚಿಟ್ಟು, ಗಿರಾಕಿಯು ಕೇಳಿದ ಮೇಲೆ ಕೂಡಿಸಿ ಕೊಡಲಿ. ಬೆಣ್ಣೆ ಸವರಿ, ಬಿಲ್ಲೆ ಜೋಡಿಸಿ, ಕೊಯ್ದು ಕೊಡುವುದಕ್ಕೆ ಪಳಗಿದ ಕೈಗೆ ಒಂದು ನಿಮಿಷವೂ ಬೇಡ. ಪಡುಬಿದ್ರಿಯ ಬಸ್ಸು ಬೆಳ್ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತಿರುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.